ಅಕ್ಕನ ಫಾರಂನಲ್ಲಿ ನಾನು ಬರೆದ ಸಮಯ

ನಮ್ಮ ಕಡೆ ಮೈಯಿಂದ ಏನು ಕೊಯ್ದು ತೆಗೆದರೂ ಮನೆಯವರಿಗೆ ತೋರಿಸಬೇಕು. ಹರಳಾಗಲಿ, ಗರ್ಭಕೋಶವಾಗಲಿ, ಬೆನ್ನ ಮೇಲಿನ ಕೊಬ್ಬಿನ ಗಂಟಾಗಲಿ, ತೋರಿಸಲಿಲ್ಲವೆಂದರೆ ತೆಗೆದೇ ಇಲ್ಲ ಎಂದು ಅರ್ಥ. ಹಗರಿಬೊಮ್ಮನಹಳ್ಳಿಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ ಇಪ್ಪತ್ತು ವರ್ಷದ ಮೇಲಾಯಿತು. ಅಷ್ಟು ವರ್ಷವೂ ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಸ್ಟೀಲಿನ ಟ್ರೇ ಹಿಡಿದು ನಿಂತವಳು ನಾನೇ. ಮನೆಯವರು ಮೂಗಿಗೆ ಸೆರಗನ್ನೋ ಟವೆಲನ್ನೋ ಹಿಡಿದು ಬಗ್ಗಿ ನೋಡುತ್ತಾರೆ, ಇಷ್ಟು ದೊಡ್ಡದಿತ್ತೇ ಎನ್ನುತ್ತಾರೆ, ಒಬ್ಬರಾದರೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾರೆ. ಮನೆಯ ಹಿರಿಯರು ಇನ್ನೂ ದಾರಿಯಲ್ಲಿದ್ದರೆ ಅವರು ಬರುವ ತನಕ ಟ್ರೇ ಕಾಯಬೇಕು. ಅವರು ನೋಡಿ ತಲೆಯಾಡಿಸಿದ ಮೇಲೆ ತುಂಡು ಕೆಡದ ಹಾಗೆ ಕಾಯುವ ಫಾರ್ಮಲಿನ್ ದ್ರಾವಣದ ಡಬ್ಬಿಗೆ ಹೋಗುತ್ತದೆ, ಡಬ್ಬಿ ಪರೀಕ್ಷೆಗೆಂದು ದಾವಣಗೆರೆಗೆ ಹೋಗುತ್ತದೆ.

ಮೊದಲೇ ಫಾರ್ಮಲಿನ್ನಿಗೆ ಹಾಕಿ ಡಬ್ಬಿಯಲ್ಲೇ ತೋರಿಸಬಾರದೇ ಎಂದು ಹೊಸದಾಗಿ ಸೇರಿದ ನರ್ಸುಗಳು ಕೇಳುತ್ತಾರೆ. ನಾನೂ ಒಂದು ಕಾಲಕ್ಕೆ ಕೇಳಿದವಳೇ. ಆ ದ್ರಾವಣಕ್ಕೆ ಬಿದ್ದ ತುಂಡು ಸ್ವಲ್ಪ ಹೊತ್ತಿನಲ್ಲೇ ರಕ್ತದ ಬಣ್ಣ ಬಿಟ್ಟು ಬೆಳ್ಳಗೆ ಬಿಗಿದುಕೊಳ್ಳುತ್ತದೆ. ಕೂಡ್ಲಿಗಿ ಕಡೆಯ ಮುದುಕರೊಬ್ಬರು ಅಂಥ ಡಬ್ಬಿಯನ್ನು ನನ್ನ ಕೈಗೇ ವಾಪಸ್ ಕೊಟ್ಟು, ಇದು ಯಾರದೋ ಏನೋ, ಔಷಧದೊಳಗೆ ಬಿದ್ದ ಮೇಲೆ ಎಲ್ಲರದೂ ಒಂದೇ ಥರ ಕಾಣುತ್ತದೆ ಎಂದು ಜಗಳಕ್ಕೇ ಬಂದಿದ್ದರು. ಆಮೇಲೆ ನಮ್ಮಲ್ಲಿ ಯಾರೂ ಆ ಪ್ರಯತ್ನ ಮಾಡಲಿಲ್ಲ. ಹೇಗಿದ್ದರೂ ರೋಗ ಯಾವುದೆಂದು ಹೇಳಲು ಅರ್ಧ ಗಂಟೆ, ಮುಕ್ಕಾಲು ಗಂಟೆ ತಡವಾದರೆ ಅಷ್ಟೇನೂ ಕೆಡುವುದಿಲ್ಲ. ಟ್ರೇ ಕಾಯುತ್ತಿತ್ತು, ನಾನೂ ಕಾಯುತ್ತಿದ್ದೆ, ರಿಪೋರ್ಟು ಸರಿಯಾಗಿಯೇ ಬರುತ್ತಿತ್ತು.

ಇದೆಲ್ಲಕ್ಕೂ ಕಲ್ಲು ಹಾಕಲು ಬಂದವಳು ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿನ ಹುಡುಗಿ. ಹುಡುಗಿ ಎಂದರೆ ವಿಜ್ಞಾನಿ, ಡಾಕ್ಟರೇಟ್ ಆದವಳು. ನನ್ನ ಸೊಸೆಯಂದಿರ ವಯಸ್ಸಿನವಳಾದ್ದರಿಂದ ನನ್ನ ಬಾಯಲ್ಲಿ ಹುಡುಗಿ ಎಂದೇ ಬರುತ್ತದೆ, ಅವಳು ಬೇಸರ ಮಾಡಿಕೊಂಡದ್ದಿಲ್ಲ. ದಾವಣಗೆರೆಯಿಂದ ಪ್ರತಿ ಗುರುವಾರ ನಮ್ಮಲ್ಲಿಗೆ ಬರುವ ಸರ್ಜನ್ನರೇ ಅವಳನ್ನು ಕರೆದುಕೊಂಡು ಬಂದಿದ್ದರು. ಬಾಯಿ ಕ್ಯಾನ್ಸರಿನ ತುಂಡುಗಳು ಬೇಕು ಎಂದಳು. ಅದರ ಮೇಲೆ ಸ್ಪೇಷಿಯಲ್ ಟ್ರಾನ್ಸ್‌ಕ್ರಿಪ್ಟೋಮಿಕ್ಸ್ ಮಾಡುತ್ತೇವೆ ಎಂದಳು. ಹೆಸರು ಕೇಳಿಯೇ ನನಗೆ ಸಿಟ್ಟು ಬಂತು. ನಮಗೆ ತಿಳಿಯಬಾರದೆಂದೇ ಇಂಥ ಹೆಸರು ಇಡುತ್ತೀರೇನು ಎಂದು ಕೇಳಿಬಿಟ್ಟೆ. ಅವಳು ನಕ್ಕಳು, ನನ್ನ ಲ್ಯಾಬಿನ ಸ್ಟೂಲಿನ ಮೇಲೆ ಕೂತು ಮೊದಲಿನಿಂದ ಹೇಳಿದಳು.

ನಮ್ಮ ಮೈಯ ಪ್ರತಿಯೊಂದು ಜೀವಕೋಶವೂ ಆಯಾ ಹೊತ್ತಿಗೆ ತಾನು ಏನು ಮಾಡಬೇಕೆಂದು ತನ್ನೊಳಗೆ ಸಂದೇಶಗಳನ್ನು ಬರೆದುಕೊಳ್ಳುತ್ತಿರುತ್ತದಂತೆ. ಆರ್‌ಎನ್‌ಎ ಎಂದರೆ ಆ ಸಂದೇಶ. ಮುಂಚೆ ಇಡೀ ತುಂಡನ್ನು ಅರೆದು, ಒಟ್ಟಿನಲ್ಲಿ ಯಾವ ಸಂದೇಶ ಎಷ್ಟಿದೆ ಎಂದು ನೋಡುತ್ತಿದ್ದರು. ರುಬ್ಬಿದ ಚಟ್ನಿಯಲ್ಲಿ ಬೆಳ್ಳುಳ್ಳಿ ಇದೆ, ಮೆಣಸಿನಕಾಯಿ ಇದೆ ಎಂದು ನಾಲಿಗೆಗೆ ಗೊತ್ತಾಗುತ್ತದೆ, ಎಲ್ಲಿ ಇತ್ತು ಎಂದು ಗೊತ್ತಾಗುವುದಿಲ್ಲ. ಈಗ ಅರೆಯುವುದಿಲ್ಲ. ತುಂಡಿನಿಂದ ಕೂದಲಿಗಿಂತ ತೆಳುವಾದ ಒಂದು ಪದರ ಎತ್ತಿ ವಿಶೇಷ ಸ್ಲೈಡಿನ ಮೇಲೆ ಹಾಸುತ್ತಾರೆ. ಆ ಸ್ಲೈಡಿನಲ್ಲಿ ಸಾವಿರಾರು ಚುಕ್ಕೆಗಳಿರುತ್ತವೆ, ಒಂದೊಂದಕ್ಕೂ ಒಂದೊಂದು ವಿಳಾಸ. ತನ್ನ ಮೇಲೆ ಬಿದ್ದ ಕೋಶಗಳ ಸಂದೇಶವನ್ನು ಆ ಚುಕ್ಕೆ ಹಿಡಿದಿಟ್ಟುಕೊಳ್ಳುತ್ತದೆ. ಹೀಗೆ ಗಡ್ಡೆಯ ನಡುವೆ ಏನು ನಡೆದಿದೆ, ಅಂಚಿನಲ್ಲಿ ಏನು ನಡೆದಿದೆ ಎಂಬ ನಕ್ಷೆ ಸಿಗುತ್ತದೆ.

ನಕ್ಷೆ ತೆಗೆದುಕೊಂಡು ಏನು ಮಾಡುತ್ತೀರಿ ಎಂದೆ. ಔಷಧಿ ಹುಡುಕುತ್ತೇವೆ ಎಂದಳು. ಕ್ಯಾನ್ಸರ್ ಗಡ್ಡೆಯನ್ನು ಕೊಲ್ಲಲು ನಮ್ಮ ಮೈಯ ಕಾವಲು ಕೋಶಗಳು ಬಂದೇ ಬರುತ್ತವೆ. ಕೆಲವರಲ್ಲಿ ಒಳಗೆ ನುಗ್ಗುತ್ತವೆ, ಕೆಲವರಲ್ಲಿ ಅಂಚಿನಲ್ಲೇ ನಿಂತುಬಿಡುತ್ತವೆ. ಯಾಕೆ ನಿಂತವು, ಅಲ್ಲಿನ ಗಡ್ಡೆಯ ಕೋಶ ಏನು ಹೇಳಿ ನಿಲ್ಲಿಸಿತು ಎಂದು ತಿಳಿದರೆ ಆ ಮಾತನ್ನು ಅಡಗಿಸುವ ಔಷಧಿ ಮಾಡಬಹುದು. ಆದರೆ ಇಂಥ ನಕ್ಷೆಗಳಲ್ಲಿ ಹೆಚ್ಚಿನವು ಬೇರೆ ದೇಶದವರವು. ಎಲೆ ಅಡಿಕೆ ತಂಬಾಕನ್ನು ಗಲ್ಲದೊಳಗೆ ಇಟ್ಟುಕೊಂಡೇ ಹೊಲದ ಕೆಲಸ ಮಾಡಿದ ನಮ್ಮಂಥವರ ಬಾಯಿ ಅದರಲ್ಲಿ ಕಡಿಮೆ. ಅದಕ್ಕೇ ದೊಡ್ಡ ಆಸ್ಪತ್ರೆಗಳನ್ನು ಬಿಟ್ಟು ಇಲ್ಲಿತನಕ ಬಂದಿದ್ದೇವೆ ಎಂದಳು. ಆ ಮಾತು ನನಗೆ ಹಿಡಿಸಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯವರ ಗಲ್ಲದ ಚೂರುಗಳೂ ಒಂದು ಕಡೆ ಲೆಕ್ಕಕ್ಕೆ ಬಂದಾವಲ್ಲ ಎಂದು ಖುಷಿಯಾಯಿತು.

ಅವಳದು ಒಂದೇ ಷರತ್ತು. ಮೈಯಿಂದ ಹೊರಬಂದ ತುಂಡು ಕೂಡಲೇ ಸಾಯುವುದಿಲ್ಲ. ರಕ್ತ ಬರುವುದು ನಿಂತಿತೆಂದು ಅದರ ಕೋಶಗಳು ಗಾಬರಿಬೀಳುತ್ತವೆ, ಗಾಬರಿಯಲ್ಲಿ ಬೇರೆಯೇ ಸಂದೇಶಗಳನ್ನು ಬರೆಯತೊಡಗುತ್ತವೆ, ಹಳೆಯವು ಒಡೆದುಹೋಗುತ್ತವೆ. ಆದ್ದರಿಂದ ಬೇಗ ಫಾರ್ಮಲಿನ್ನಿಗೆ ಹಾಕಬೇಕು. ಫಾರಂನಲ್ಲಿ ಎರಡು ಚೌಕಗಳಿದ್ದವು, ತುಂಡು ತೆಗೆದ ಸಮಯ ಮತ್ತು ಡಬ್ಬಿಗೆ ಹಾಕಿದ ಸಮಯ. ತಡವಾದರೆ ತಡವಾಯಿತು ಎಂದೇ ಬರೆಯಿರಿ, ಅದನ್ನು ಬೇರೆ ಗುಂಪಿನಲ್ಲಿ ಇಟ್ಟುಕೊಳ್ಳುತ್ತೇವೆ ಎಂದೂ ಹೇಳಿದಳು. ಹೇಳಿದ್ದಳು, ಇಲ್ಲ ಎನ್ನಲಾರೆ. ನಾನು ಅದನ್ನು ಮಾತಿನ ಮರ್ಯಾದೆ ಎಂದುಕೊಂಡೆ. ಬೇರೆ ಗುಂಪು ಎಂದರೆ ಕಸದ ಬುಟ್ಟಿ ಎಂದು ನಾನೇ ಅರ್ಥ ಮಾಡಿಕೊಂಡೆ. ನಾನು ಕಂಡ ಯಾವ ರಿಜಿಸ್ಟರಿನಲ್ಲೂ ತಡವಾಯಿತು ಎಂದು ಬರೆದವರನ್ನು ಯಾರೂ ಹೊಗಳಿದ್ದಿಲ್ಲ. ಫ್ರಿಜ್ಜಿನ ತಾಪಮಾನದ ಪಟ್ಟಿಯಿಂದ ಹಿಡಿದು ಎಲ್ಲವೂ ಇನ್‌ಸ್ಪೆಕ್ಷನ್ನಿಗೆ ಬರುವವರು ಮೆಚ್ಚುವ ಹಾಗೆ ಇರಬೇಕು, ಅಷ್ಟೇ.

ಮೊದಮೊದಲು ನಾನು ಬಹಳ ಶಿಸ್ತಿನಿಂದ ನಡೆದುಕೊಂಡೆ. ನನ್ನ ಬಾಯಿ ಜೋರು, ಅದು ಐದೂ ತಾಲ್ಲೂಕಿಗೆ ಗೊತ್ತು. ಟ್ರೇ ಹಿಡಿದು ಬಾಗಿಲಿಗೆ ಬಂದವಳೇ ಐದು ನಿಮಿಷ, ನೋಡುವವರು ನೋಡಿಬಿಡಿ, ಬರುವವರಿಗಾಗಿ ಕಾಯುವುದಿಲ್ಲ ಎನ್ನುತ್ತಿದ್ದೆ. ಹರಪನಹಳ್ಳಿಯಿಂದ ಬರಬೇಕಿದ್ದ ಮಾವನವರಿಗಾಗಿ ಕಾಯಿರಿ ಎಂದು ಅಂಗಲಾಚಿದ ಒಂದು ಕುಟುಂಬಕ್ಕೆ, ನಿಮ್ಮ ಮಾವನವರೇನು ಗಡ್ಡೆಗೆ ಸಹಿ ಹಾಕಬೇಕೇ ಎಂದು ಗದರಿದ್ದೆ. ಆರು ತುಂಡುಗಳನ್ನು ಹೀಗೆ ಹೊತ್ತಿಗೆ ಸರಿಯಾಗಿ ಡಬ್ಬಿಗೆ ಹಾಕಿ ಕಳಿಸಿದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆ ನನಗೆ ಒಪ್ಪಲೆಂದೇ ಏಳನೆಯದಾಗಿ ನನ್ನ ಅಕ್ಕನೇ ಬಂದಳು.

ಅಕ್ಕನನ್ನು ತಂಬ್ರಹಳ್ಳಿಗೆ ಕೊಟ್ಟಿದೆ. ಮನೆಯ ಮುಂದಿನ ಕೋಣೆಯಲ್ಲಿ ಮಷಿನ್ ಇಟ್ಟುಕೊಂಡು ಹೆಂಗಸರ ಜಂಪರ್ ಹೊಲಿಯುತ್ತಾಳೆ, ನಾಲ್ಕೈದು ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಾಳೆ. ಎಡಗಲ್ಲದಲ್ಲಿ ತಂಬಾಕು ಇಟ್ಟುಕೊಂಡೇ ಊರಿನ ಸುದ್ದಿಯನ್ನೆಲ್ಲ ಹೇಳುವ ಕಲೆ ಅವಳಿಗೆ ಸಿದ್ಧಿಸಿತ್ತು. ಆ ಎಡಗಲ್ಲದಲ್ಲೇ ಮೊದಲು ಬಿಳಿಯ ಮಚ್ಚೆ ಬಂತು, ಆಮೇಲೆ ವಾಸಿಯಾಗದ ಹುಣ್ಣಾಯಿತು. ಪರೀಕ್ಷೆಗೆ ಕಳಿಸಿದವಳೂ ನಾನೇ, ರಿಪೋರ್ಟು ಒಡೆದು ನೋಡಿದವಳೂ ನಾನೇ. ಗಡ್ಡೆ ಇನ್ನೂ ಸಣ್ಣದು, ಇಲ್ಲಿಯೇ ತೆಗೆಯಬಹುದು, ಆಮೇಲೆ ದಾವಣಗೆರೆಯಲ್ಲಿ ಕರೆಂಟು ಕೊಡಿಸೋಣ ಎಂದು ಸರ್ಜನ್ನರು ಹೇಳಿದರು. ರೇಡಿಯೇಷನ್ನಿಗೆ ನಮ್ಮ ಜನ ಹೇಳುವುದೇ ಕರೆಂಟು ಎಂದು, ಡಾಕ್ಟರುಗಳೂ ಹಾಗೆಯೇ ಕಲಿತಿದ್ದಾರೆ.

ಸಂಶೋಧನೆಗೆ ಒಪ್ಪಿಗೆ ಕೊಡುವ ನಾಲ್ಕು ಪುಟದ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಇದರಿಂದ ನಿನಗೇನೂ ಲಾಭವಿಲ್ಲ, ಮುಂದೆ ಯಾರಿಗಾದರೂ ಔಷಧಿ ಸಿಕ್ಕೀತು ಎಂದು ಎರಡೆರಡು ಸಲ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಅದು ನಂದು ಅಂತ ಗೊತ್ತಾಗತೈತೇನು?"

ಇಲ್ಲ, ಹೆಸರು ಇರುವುದಿಲ್ಲ, ಬರೀ ನಂಬರ್ ಇರುತ್ತದೆ ಎಂದೆ. ಅವಳ ಮುಖ ಸ್ವಲ್ಪ ಸಣ್ಣದಾಯಿತು. ಆಮೇಲೆ, ಇರಲಿ, ನನಗಂತೂ ಗೊತ್ತಿರುತ್ತದಲ್ಲ ಎಂದು ಸಹಿ ಹಾಕಿದಳು. ಆಪರೇಷನ್ನಿಗೆ ಒಳಗೆ ಹೋಗುವಾಗಲೂ ನನ್ನ ಕೈ ಹಿಡಿದು, ನಂದು ಸರಿಯಾಗಿ ಕಳಿಸು ಎಂದಳು. ಗಲ್ಲ ಏನಾಗುತ್ತದೋ, ಮಾತು ನಿಲ್ಲುತ್ತದೋ ಎಂಬ ಹೆದರಿಕೆಗಿಂತ ಅದೇ ಅವಳಿಗೆ ದೊಡ್ಡದಾಗಿತ್ತು. ಬಹುಶಃ ಹೆದರಿಕೆಯನ್ನು ಅದರ ಹಿಂದೆ ಅಡಗಿಸಿಕೊಂಡಿದ್ದಳು.

ಇಲ್ಲಿ ಅವಳ ಭಾವನ ಮಾತು ಹೇಳಬೇಕು. ಭಾವ ಎಂದರೆ ಅವಳ ಗಂಡನ ಅಣ್ಣ, ಹೊಳಲಿನಲ್ಲಿರುವವರು, ಆ ಮನೆತನಕ್ಕೆಲ್ಲ ಹಿರಿಯರು. ಚಾಕು ತಾಗಿದರೆ ಈ ರೋಗ ಮೈಗೆಲ್ಲ ಹರಡುತ್ತದೆ ಎಂದು ಅವರು ಆಪರೇಷನ್ನೇ ಬೇಡ ಎಂದಿದ್ದರು. ಅಕ್ಕನ ಗಂಡ, ಅಂದರೆ ನಮ್ಮ ಮಾಮ, ಹೂವಿನಂಥ ಮನುಷ್ಯ. ಅಣ್ಣನ ಮಾತು ಮೀರಿ ಹೆಂಡತಿಯನ್ನು ಥಿಯೇಟರಿಗೆ ಕಳಿಸಿದ್ದೇ ಅವರ ಜೀವನದ ದೊಡ್ಡ ಧೈರ್ಯ. ತೆಗೆದದ್ದನ್ನು ಕಣ್ಣಾರೆ ನೋಡುತ್ತೇನೆ, ಆಮೇಲೆ ನಂಬುತ್ತೇನೆ ಎಂದು ಹಿರಿಯರು ಹೇಳಿ ಕಳಿಸಿದ್ದರು.

ನನಗೂ ಆ ಹಿರಿಯರಿಗೂ ಹಳೆಯದೊಂದು ಜಗಳ ಇತ್ತು. ಅಕ್ಕನ ಮದುವೆಯಲ್ಲಿ, ಬೀಗರ ಪಂಕ್ತಿಗೆ ಹೋಳಿಗೆ ತಡವಾಯಿತೆಂದು ಅವರು ನಮ್ಮ ತಂದೆಗೆ ನಾಲ್ಕು ಜನರ ಮುಂದೆ ಅಂದರು. ನಾನು ಆಗಿನ್ನೂ ಕಾಲೇಜಿನವಳು. ಹೊಟ್ಟೆ ಅಷ್ಟು ಹಸಿದಿದ್ದರೆ ಮನೆಯಲ್ಲೇ ಉಂಡು ಬರಬೇಕಿತ್ತು ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ವರ್ಷ ಅವರು ಅಕ್ಕನನ್ನು ತವರಿಗೆ ಕಳಿಸಲಿಲ್ಲ, ಮೊದಲ ನಾಗರಪಂಚಮಿಗೂ ಕಳಿಸಲಿಲ್ಲ. ನನ್ನ ಬಾಯಿಯ ಶಿಕ್ಷೆಯನ್ನು ಅಕ್ಕ ಅನುಭವಿಸಿದಳು. ಅಂದಿನಿಂದ ಊರಿಗೆಲ್ಲ ಬಾಯಿ ಮಾಡುವ ನಾನು ಹೊಳಲಿನವರ ಮುಂದೆ ಮಾತ್ರ ತುಟಿ ಹೊಲಿದುಕೊಂಡವಳು.

ಆ ಗುರುವಾರ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಅಕ್ಕನ ಗಲ್ಲದ ತುಂಡು ನನ್ನ ಟ್ರೇಗೆ ಬಂತು. ಬೇಗ ಹಾಕಿಬಿಡಿ ಎಂದು ಸರ್ಜನ್ನರು ಹೇಳಿ ಹೊಲಿಗೆ ಹಾಕಲು ತಿರುಗಿದರು. ಅಲ್ಲಿಂದ ಅವರು ಹಡಗಲಿಗೆ ಹೋಗಬೇಕಿತ್ತು. ಬಾಗಿಲಲ್ಲಿ ಮಾಮ ಮೊಬೈಲನ್ನು ಎದೆಗೆ ಒತ್ತಿ ಹಿಡಿದು ನಿಂತಿದ್ದರು.

"ಅಣ್ಣ ಬಸ್ಸಿನಾಗ ಅದಾನ, ಹಡಗಲಿ ದಾಟ್ಯಾನಂತ. ಅವ ಬರೋತನಕ ಹಂಗಾ ಇರ್ಲಿ ತಂಗಿ."

ಬೇರೆ ಯಾರಾದರೂ ಆಗಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೆಂದು ನನಗೆ ಗೊತ್ತು. ಆವತ್ತು ಏನೂ ಬರಲಿಲ್ಲ. ಫೋಟೊ ತೆಗೆದುಕೊಳ್ಳಿ ಎನ್ನಬಹುದಿತ್ತು, ವೀಡಿಯೊ ಕಾಲ್ ಮಾಡಿ ತೋರಿಸಬಹುದಿತ್ತು. ಅದು ಹೊಳೆಯಲಿಲ್ಲವೆಂದೇನೂ ಅಲ್ಲ. ಫೋನಿನಲ್ಲಿ ತೋರಿಸಿದರೆ ಹಿರಿಯರು ಅವಮಾನ ಎಂದುಕೊಂಡಾರು, ಅದರ ಫಲವನ್ನು ಮತ್ತೆ ಅಕ್ಕನೇ ಉಣ್ಣಬೇಕಾದೀತು ಎಂದು ಹೆದರಿದೆ. ತುಂಡಿನ ಮೇಲೆ ಒದ್ದೆ ಗಾಜ್ ಬಟ್ಟೆ ಮುಚ್ಚಿ ಪಕ್ಕದ ಕೋಣೆಯ ಕಲ್ಲಿನ ಮೇಲೆ ಇಟ್ಟೆ. ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ನಾನು ಎರಡು ಸಲ ಗಾಜ್ ಎತ್ತಿ ನೋಡಿದೆ. ಕಣ್ಣಿಗೆ ಏನೂ ಬದಲಾಗಿರಲಿಲ್ಲ, ಅದೇ ಕೆಂಪು, ಅದೇ ಆಕಾರ.

ಹಿರಿಯರು ಬಂದಾಗ ಹನ್ನೆರಡು ಇಪ್ಪತ್ತೈದು. ಮೂಗು ಮುಚ್ಚಿಕೊಳ್ಳಲಿಲ್ಲ. ಬಗ್ಗಿ ಬಹಳ ಹೊತ್ತು ನೋಡಿದರು, ಸರಿ ಆಯಿತು ಎಂದರು, ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಕೂತವರು ಟವೆಲಿನಿಂದ ಕಣ್ಣು ಒರೆಸಿಕೊಳ್ಳುವುದನ್ನು ನಾನು ಕಿಟಕಿಯಿಂದ ಕಂಡೆ. ಆ ಮನುಷ್ಯನಿಗೆ ಸತ್ಯ ಹೇಳಿದ್ದರೆ ಕೇಳುತ್ತಿದ್ದರೇನೋ ಎಂದು ಆಗ ಮೊದಲ ಸಲ ಅನ್ನಿಸಿತು, ಆದರೆ ಹೊತ್ತು ಮೀರಿತ್ತು.

ಡಬ್ಬಿ ಮುಚ್ಚಿ ಫಾರಂ ಎಳೆದುಕೊಂಡೆ. ತುಂಡು ತೆಗೆದ ಸಮಯ, ಹನ್ನೊಂದು ಹತ್ತು. ಡಬ್ಬಿಗೆ ಹಾಕಿದ ಸಮಯದ ಮುಂದೆ ಪೆನ್ನು ಇಟ್ಟೆ. ನಿಜ ಬರೆದರೆ ಅಕ್ಕನದು ಕಸಕ್ಕೆ ಹೋಗುತ್ತದೆ. ಸರಿಯಾಗಿ ಕಳಿಸು ಎಂದು ಕೈ ಹಿಡಿದು ಹೇಳಿ ಹೋದವಳು ಒಳಗೆ ಎಚ್ಚರವಿಲ್ಲದೆ ಮಲಗಿದ್ದಾಳೆ. ಹನ್ನೊಂದು ಇಪ್ಪತ್ತು ಎಂದು ಬರೆದೆ. ನನ್ನ ಅಕ್ಷರ ಚೆಂದ, ಆವತ್ತೂ ಚೆಂದವಾಗಿಯೇ ಬಂತು.

ಅಕ್ಕ ಚೇತರಿಸಿಕೊಂಡಳು. ದಾವಣಗೆರೆಗೆ ಹೋಗಿ ಕರೆಂಟು ಮುಗಿಸಿ ಬಂದಳು. ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದ ಹಾಗಾಯಿತು, ಆದರೂ ಅವಳ ಮಾತು ನಿಲ್ಲಲಿಲ್ಲ. ನನ್ನ ಗಲ್ಲದ ತುಂಡು ಬೆಂಗಳೂರಿನಲ್ಲಿ ಔಷಧಿ ಹುಡುಕುವ ಕಡೆ ಇದೆ ಎಂದು ಜಂಪರ್ ಅಳತೆ ಕೊಡಲು ಬಂದವರಿಗೆಲ್ಲ ಹೇಳಿದಳು. ಅದನ್ನು ಕೇಳಿಯೇ ತಂಬ್ರಹಳ್ಳಿ ಕಡೆಯಿಂದ ಇಬ್ಬರು ರೋಗಿಗಳು ತಾವಾಗಿ ಮುಂದೆ ಬಂದರು. ಅವರಲ್ಲೊಬ್ಬ, ಅಕ್ಕನ ಹತ್ತಿರ ಹೊಲಿಗೆ ಕಲಿಯುತ್ತಿದ್ದ ಹೆಣ್ಣುಮಗಳ ಗಂಡ, ಹಮಾಲಿ ಕೆಲಸದವನು, ನಲವತ್ತೂ ಆಗಿರಲಿಲ್ಲ. ಅವನ ತುಂಡನ್ನು ಆ ಹೆಣ್ಣುಮಗಳು ಒಬ್ಬಳೇ ನೋಡಿದಳು, ಯಾರಿಗಾಗಿಯೂ ಕಾಯಿರಿ ಎನ್ನಲಿಲ್ಲ, ಬೇಗ ಹಾಕ್ರಿ ಕೆಡುತ್ತಂತೆ ಎಂದು ಅವಳೇ ನನಗೆ ಅವಸರ ಮಾಡಿದಳು. ಏಳು ನಿಮಿಷಕ್ಕೆ ಡಬ್ಬಿಗೆ ಹಾಕಿದೆ. ಅವನದು ಮುಂದುವರಿದ ರೋಗ, ವರ್ಷ ತುಂಬುವುದರೊಳಗೆ ತೀರಿಕೊಂಡ.

ಒಮ್ಮೆ ಸುಳ್ಳು ಬರೆದ ಕೈಗೆ ಎರಡನೆಯದು ಭಾರವಾಗಲಿಲ್ಲ ಎಂಬುದನ್ನೂ ಹೇಳಬೇಕು. ಉಜ್ಜಿನಿಯ ಒಬ್ಬ ಮುದುಕಿಯ ತುಂಡು ಮಗ ಬರುವ ತನಕ ಮುಕ್ಕಾಲು ಗಂಟೆ ಕಾಯಿತು. ಅಕ್ಕನ ಮನೆಯವರಿಗೆ ಕಾದವಳು ಇವರಿಗೆ ಯಾಕೆ ಕಾಯಬಾರದು ಎನ್ನಿಸಿತು, ಹತ್ತು ನಿಮಿಷ ಎಂದೇ ಬರೆದೆ. ಹೀಗೆ ಒಟ್ಟು ಹನ್ನೊಂದು ತುಂಡುಗಳು ನಮ್ಮಲ್ಲಿಂದ ಹೋದವು. ಅದರಲ್ಲಿ ಎರಡು ಸುಳ್ಳು.

ಕೆಲವು ತಿಂಗಳ ಮೇಲೆ ಬೆಂಗಳೂರಿನ ಹುಡುಗಿಯ ಫೋನು ಬಂತು. ಏಳನೆಯ ನಂಬರಿನ ತುಂಡು ಬಹಳ ವಿಚಿತ್ರವಾಗಿದೆ ಮೇಡಂ ಎಂದಳು. ಉಳಿದವುಗಳಲ್ಲಿ ಗಡ್ಡೆಯ ನಡುವೆ ಮಾತ್ರ ಉಸಿರುಗಟ್ಟಿದ, ಅಂದರೆ ಆಮ್ಲಜನಕ ಸಿಗದ ಕೋಶಗಳ ಸಂದೇಶಗಳು ಕಾಣುತ್ತವೆ, ಇದರಲ್ಲಿ ಅಂಚಿನಿಂದ ಅಂಚಿಗೆ ಅದೇ ಇದೆ, ಕಾವಲು ಕೋಶಗಳು ಪೂರ್ತಿ ಸುಮ್ಮನಾಗಿವೆ. ಇದು ಗಡ್ಡೆಯ ಬೇರೆಯೇ ಒಂದು ಬಗೆ ಇರಬಹುದೇ ಎಂದು ನೋಡುತ್ತಿದ್ದೇವೆ, ಅದಕ್ಕೆ ಮುಂಚೆ ಒಂದು ಸಲ ಕೇಳೋಣ ಎಂದು ಫೋನ್ ಮಾಡಿದೆ, ಹತ್ತು ನಿಮಿಷ ಎಂದು ಬರೆದದ್ದು ಸರಿ ತಾನೇ ಎಂದಳು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಾಗಿಲು ತೆರೆದು, ಬನ್ನಿ ಎಂದು ಕರೆದ ಹಾಗಿತ್ತು. ನಾನು ಸರಿ ಎಂದೆ. ಅಷ್ಟೇ ಅಲ್ಲ, ನಮ್ಮ ಬರವಣಿಗೆಯ ಮೇಲೆ ಅನುಮಾನವೇ ಎಂದು ಸ್ವಲ್ಪ ಬಿಗುವಾಗಿಯೇ ಕೇಳಿದೆ. ಅವಳು ಕ್ಷಮೆ ಕೇಳಿ ಫೋನಿಟ್ಟಳು. ಫಾರಂನಲ್ಲಿ ಬರೆದದ್ದು ಹೆದರಿಕೆಯಿಂದ ಎಂದು ನನಗೆ ನಾನು ಸಮಾಧಾನ ಹೇಳಿಕೊಳ್ಳಬಹುದು. ಈ ಸಲದ್ದಕ್ಕೆ ಯಾವ ಸಮಾಧಾನವೂ ಇಲ್ಲ, ಅದು ಬರೀ ಜಂಬ.

ಆ ವಾರ ತಂಬ್ರಹಳ್ಳಿಗೆ ಹೋದಾಗ ಅಕ್ಕ ಎಂದಿನಂತೆ ನಂದೇನಾಯಿತು ಎಂದು ಕೇಳಿದಳು. ನಿಂದು ಬಹಳ ವಿಶೇಷ ಐತಂತ, ಅವರೇ ಫೋನ್ ಮಾಡಿದ್ದರು ಎಂದೆ. ಆ ಎರಡು ಬೆರಳಿನ ಬಾಯಲ್ಲೇ ಅವಳು ನಕ್ಕಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಗಂಡನನ್ನು ಕಳೆದುಕೊಂಡ ಆ ಹೆಣ್ಣುಮಗಳನ್ನು ಕರೆದು ಕೂರಿಸಿಕೊಂಡು, ನಿನ್ನ ಗಂಡನದೂ ಅಲ್ಲೇ ಐತಿ, ಹೋದವನು ಪೂರ್ತಿ ಹೋಗಿಲ್ಲ ಎಂದು ಅಕ್ಕ ಹೇಳುತ್ತಿದ್ದುದನ್ನು ನಾನು ಒಳಮನೆಯಿಂದ ಕೇಳಿಸಿಕೊಂಡೆ.

ಮರುವರ್ಷ ಹುಡುಗಿ ತಾನೇ ಬಂದಳು. ನಿಮ್ಮಿಂದ ಬಂದ ತುಂಡುಗಳು ಏನಾದವು ಎಂದು ನಿಮಗೆ ತೋರಿಸಬೇಕು ಎಂದು ಲ್ಯಾಪ್‌ಟಾಪ್ ತೆರೆದಳು. ಮೊದಲು ತೋರಿಸಿದ್ದೇ ಏಳನೆಯದು. ಅಕ್ಕನ ಗಲ್ಲದ ತೆಳು ಪದರ ಪರದೆಯ ಮೇಲೆ ಚುಕ್ಕೆ ಚುಕ್ಕೆಯಾಗಿ ಹರಡಿತ್ತು. ಒಂದೊಂದು ಸಂದೇಶಕ್ಕೂ ಒಂದೊಂದು ಬಣ್ಣ. ಉಸಿರುಗಟ್ಟಿದ ಸಂದೇಶದ ಬಣ್ಣ ಕಿತ್ತಳೆ. ಅದು ತುಂಡಿನ ತುಂಬ ಒಂದೇ ಸಮನೆ ಉರಿಯುತ್ತಿತ್ತು. ತಮ್ಮ ಲ್ಯಾಬಿನಲ್ಲಿ ಒಬ್ಬ ವಿದ್ಯಾರ್ಥಿನಿ ಇಡೀ ವರ್ಷ ಇದರ ಮೇಲೆಯೇ ಕೆಲಸ ಮಾಡಿದ್ದಾಳೆ ಎಂದಳು. ಆ ಕಿತ್ತಳೆ ಸಂದೇಶವನ್ನು ತಗ್ಗಿಸಬಲ್ಲ ರಾಸಾಯನಿಕಗಳನ್ನು ಒಂದೊಂದಾಗಿ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕಿ ನೋಡುತ್ತಿದ್ದಾಳಂತೆ. ಯಾವುದೂ ಸರಿಯಾಗಿ ಕೂಡಿಬರುತ್ತಿಲ್ಲ, ಆದರೂ ಬಿಟ್ಟಿಲ್ಲ ಎಂದಳು.

ನನಗೆ ಅದು ಅಕ್ಕನ ರೋಗದ ಚಿತ್ರವಾಗಿ ಕಾಣಲೇ ಇಲ್ಲ. ಹಿರಿಯರ ಬಸ್ಸಿಗಾಗಿ ನಾವು ಕಾದ ಒಂದೂಕಾಲು ಗಂಟೆಯ ಚಿತ್ರ ಅದು. ಗಾಜ್ ಎತ್ತಿ ನೋಡಿ ಏನೂ ಬದಲಾಗಿಲ್ಲ ಎಂದುಕೊಂಡಿದ್ದೆನಲ್ಲ, ಆಗ ಬದಲಾಗುತ್ತಿದ್ದುದೆಲ್ಲ ಅಲ್ಲಿ ಕಿತ್ತಳೆಯಾಗಿ ಕೂತಿತ್ತು. ಯಾರದೋ ಮನೆಯ ಮಗಳು ಅದನ್ನು ನಂಬಿ ಒಂದು ವರ್ಷ ಕಳೆದಿದ್ದಾಳೆ. ಸ್ಟೂಲ್ ಎಳೆದುಕೊಂಡು ಕೂತು, ಡಬ್ಬಿಗೆ ಹಾಕಿದ್ದು ಹನ್ನೆರಡು ಇಪ್ಪತ್ತೈದಕ್ಕೆ ಎಂದು ಹೇಳಿದೆ.

ಅವಳು ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿದಳು.

"ನಿಜ ಬರೆದಿದ್ರೆ ಇದೂ ನಮಗೆ ಬೇಕಾಗಿತ್ತು ಮೇಡಂ. ತಡವಾದಾಗ ಏನೇನು ಬದಲಾಗತ್ತೆ ಅಂತ ತಿಳಿಯೋಕೇ ಬೇಕಾಗಿತ್ತು. ಎಲ್ಲಾ ಊರಲ್ಲೂ ತಡ ಆಗತ್ತೆ, ಯಾರೂ ಬರೆಯಲ್ಲ."

ಆಮೇಲೆ ಉಳಿದವು ಹೇಗೆ ಎಂದು ಕೇಳಿದಳು. ಉಜ್ಜಿನಿಯದು ಸುಳ್ಳು, ಮಿಕ್ಕ ಒಂಬತ್ತೂ ನಿಜ ಎಂದೆ. ನಿಮ್ಮ ಮಾತನ್ನು ನಾನು ನಂಬುತ್ತೇನೆ, ಆದರೆ ಅದನ್ನು ಬರೆಯಲು ಬರುವುದಿಲ್ಲ ಎಂದಳು. ಒಂದು ಕಡೆಯಿಂದ ಬಂದ ಸಮಯ ಸುಳ್ಳೆಂದು ಗೊತ್ತಾದ ಮೇಲೆ ಆ ಕಡೆಯವನ್ನೆಲ್ಲ ತೆಗೆಯಲೇಬೇಕಂತೆ. ಹೋಗುವಾಗ ನಮಸ್ಕಾರ ಮಾಡಿ ಹೋದಳು. ಮುಂದಿನ ತಿಂಗಳು ಪತ್ರ ಬಂತು. ಹನ್ನೊಂದನ್ನೂ ಅಧ್ಯಯನದಿಂದ ಕೈಬಿಡಲಾಗಿದೆ ಎಂದಿತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ನಮ್ಮಲ್ಲಿ ಟ್ರೇಯನ್ನು ಐದು ನಿಮಿಷಕ್ಕಿಂತ ಹೆಚ್ಚು ಹೊತ್ತು ಇಡುವುದಿಲ್ಲ. ದೂರದವರಿಗೆ ವೀಡಿಯೊ ಕಾಲಿನಲ್ಲಿ ತೋರಿಸುತ್ತೇನೆ, ಯಾರೂ ಅವಮಾನ ಎಂದುಕೊಂಡಿಲ್ಲ. ಆದರೆ ಆ ಅಧ್ಯಯನದವರು ನಮ್ಮಿಂದ ತುಂಡು ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದಾರೆ. ಈ ಐದು ತಾಲ್ಲೂಕಿನ ಒಂದು ಗಲ್ಲವೂ ಅವರ ನಕ್ಷೆಯಲ್ಲಿ ಇಲ್ಲ.

ಅಕ್ಕನಿಗೆ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಒಂದು ಭಾನುವಾರ ಹೋದೆ. ಮಷಿನ್ನಿಗೆ ದಾರ ಪೋಣಿಸುತ್ತಿದ್ದಳು. ಬಸ್ಸಿನ ವಿಷಯ, ಹನ್ನೊಂದು ಇಪ್ಪತ್ತರ ವಿಷಯ, ಫೋನಿನ ವಿಷಯ, ಕಿತ್ತಳೆ ಬಣ್ಣದ ವಿಷಯ, ಎಲ್ಲ ಹೇಳಿದೆ. ನಿನ್ನದೆಂದೇ ಹೀಗೆ ಮಾಡಿದೆ ಎಂದೆ. ಅವಳು ದಾರವನ್ನು ಬಿಟ್ಟು ಎರಡೂ ಕೈಯನ್ನು ಮಷಿನ್ನಿನ ಮೇಲೆ ಇಟ್ಟುಕೊಂಡು ಕೇಳಿಸಿಕೊಂಡಳು. ನನ್ನ ಮಾತು ಮುಗಿದ ಮೇಲೆ ಕೇಳಿದಳು.

"ನಂದು ಹೋಗ್ಲಿ ಬಿಡು. ನನ್ನ ಹತ್ರ ಹೊಲಿಗಿ ಕಲಿಯೋ ಹುಡುಗಿ ಗಂಡಂದು? ಅವನದೂ ತಡ ಆಗಿತ್ತೇನು?"

"ಇಲ್ಲಕ್ಕ. ಏಳು ನಿಮಿಷಕ್ಕ ಹಾಕಿದ್ದೆ. ಆದ್ರ ಅದನ್ನೂ ತೆಗೆದ್ರು."

ನಾನು ಅವಳ ಕಾಲು ಹಿಡಿಯಬೇಕೆಂದು ಬಗ್ಗಿದೆ, ಕಾಲು ಹಿಂದಕ್ಕೆಳೆದುಕೊಂಡಳು. ಮದುವೆಯಾದ ಮೇಲೆ ಒಂದು ವರ್ಷ ತವರು ಕಾಣದಿದ್ದಾಗಲೂ ನನ್ನ ಮೇಲೆ ಸಿಟ್ಟು ಮಾಡದವಳು ಅವಳು.

"ನಿನ್ನ ಗಂಡಂದು ಅಲ್ಲೇ ಐತಿ ಅಂತ ಅವಳಿಗೆ ದಿನಾ ಹೇಳೀನಿ. ಅದೊಂದ ಮಾತು ಹಿಡ್ಕೊಂಡು ಕುಂತಾಳ ಅವಳು. ಈಗ ನೀನಾ ಹೋಗಿ ಹೇಳು. ನಾ ಬರಂಗಿಲ್ಲ."

ಎದ್ದು ಹೋದೆ. ಅಕ್ಕನ ಮನೆಯಿಂದ ಮೂರನೆಯ ಬಾಗಿಲು. ಆ ಹೆಣ್ಣುಮಗಳು ಹೊಸಿಲಲ್ಲೇ ಕೂತು ಜಂಪರಿಗೆ ಹುಕ್ಕು ಹಾಕುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಸೆರಗು ಸರಿಮಾಡಿಕೊಂಡು, ನನಗೆ ಕೂರಲು ಜಾಗ ಮಾಡಿ, ಬೆಂಗಳೂರಿನಿಂದ ಏನಾದರೂ ಸುದ್ದಿ ಬಂತೇನ್ರಿ ಅಕ್ಕಾರ ಎಂದು ಕೇಳಿದಳು.

ಬಂದೈತಿ, ನೀನೂ ಕುಂದ್ರು ಎಂದೆ.